ಎರಡು ಹೋಳು ಕೀಬೋರ್ಡು, ಒಂದು ಟಿಕ್

೧೯ ಜನವರಿ ೨೦೦೯, ಸೋಮವಾರ

ಲೋಕದ ಸಮಸ್ತ ಜನತೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಇಂದು ಬೆಳಗ್ಗೆ, ಚಹಾ ಆದ ಮೇಲೆ ಮತ್ತು ಸ್ನಾನಕ್ಕೆ ಮುಂಚೆ, ಕೀಬೋರ್ಡನ್ನು ನಡುಮಧ್ಯಕ್ಕೆ ಎರಡು ಹೋಳು ಮಾಡಬೇಕೆಂಬ ನಿರ್ಣಯ ಅಂಗೀಕಾರವಾಗಿದೆ. ಪರವಾಗಿ ಮತ ಹಾಕಿದವರು ನನ್ನ ಸೊಸೆ ಶ್ರದ್ಧಾ ಮತ್ತು ನನ್ನ ಮಗ ವಿಕ್ರಮ. ವಿರೋಧವಾಗಿ ಗೋದೂಬಾಯಿ, ನಿವೃತ್ತ ಶಿಕ್ಷಕಿ, ಹಲಗೇರಿ ಕನ್ನಡ ಶಾಲೆ. ಅಂದರೆ ನಾನು. ನನ್ನ ಮತವನ್ನು ಎಣಿಸಿದಂತೆ ಕಾಣಲಿಲ್ಲ.

ಪಡಸಾಲೆಯಲ್ಲಿ ಶ್ರದ್ಧಾಳ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಅರ್ಜಿ, ಕರಪತ್ರ, ಯಾರಾದರೂ ಧೈರ್ಯ ಮಾಡಿದರೆ ಪುಸ್ತಕ. ಹಾಳೆ ಹಿಡಿದು ನಾನು ಓದುತ್ತೇನೆ, ಪರದೆ ನೋಡುತ್ತ ಅವಳು ಬಡಿಯುತ್ತಾಳೆ. ನಾನು ಒಂದು ಪದ ಓದಿ ನಿಲ್ಲುತ್ತೇನೆ. ಕೀಲಿಗಳ ಸದ್ದು ನಿಂತದ್ದು ಕಿವಿಗೆ ಬಿದ್ದರೆ ಮುಂದಿನ ಪದ. "ಆಯ್ತಾ?" ಎಂದು ನಾನು ಕೇಳಿದ್ದಿಲ್ಲ, "ಹೂಂ" ಎಂದು ಅವಳು ಹೇಳಿದ್ದಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಹೀಗೇ ನಡೆದಿದೆ. ಅತ್ತೆ ಸೊಸೆಯರು ಮಾತಾಡದೆ ಇಷ್ಟು ಚೆನ್ನಾಗಿರಲು ಇದೇ ಕಾರಣ ಎಂದು ಬೀದಿಯವರು ಹೇಳುತ್ತಾರೆ. ಹೇಳಲಿ.

ಈಗ ಅವಳಿಗೆ ಮಣಿಕಟ್ಟು ನೋವು. ಸಂಕ್ರಾಂತಿಯ ದಿನ ಸಜ್ಜೆ ರೊಟ್ಟಿ ಬಡಿಯಲು ಕುಳಿತವಳು ಎದ್ದುಬಿಟ್ಟಳು. ನಮ್ಮ ಕಾಲದಲ್ಲಿ ಬೀಸುಕಲ್ಲು ತಿರುಗಿಸಿಯೂ ನಮಗೆ ಮಣಿಕಟ್ಟು ಎಂಬ ಅಂಗ ಇರುವುದೇ ಗೊತ್ತಿರಲಿಲ್ಲ. ಡಾಕ್ಟರು ಮಾತ್ರ, ಕೈ ಎರಡನ್ನೂ ಒಳಗೆ ತಿರುಚಿಕೊಂಡು ಬಡಿದದ್ದೇ ಕಾರಣ, ಕೈಗಳು ಭುಜದ ನೇರಕ್ಕೆ ದೂರದೂರ ಇರಬೇಕು, ಇಲ್ಲವೇ ಬಡಿಯುವುದನ್ನೇ ಬಿಡಬೇಕು ಎಂದಿದ್ದಾರೆ. ವಿಕ್ರಮನಂತೂ, "ಕೈ ನೆಟ್ಟಗಾಗ್ಲಿಲ್ಲಂದ್ರ ಪಡಸಾಲಿ ಮೊಬೈಲ್ ರೀಚಾರ್ಜ್ ಅಂಗಡಿಯವರಿಗೆ ಬಾಡಿಗಿ ಕೊಡೋಣ" ಎಂದುಬಿಟ್ಟ. ಹಾಗಾದರೆ ನಾನು ಯಾರಿಗೆ ಓದಲಿ? ರೀಚಾರ್ಜ್ ಮಾಡಿಸಲು ಬಂದವರಿಗೆ?

ಮೇಲಾಗಿ ನಮ್ಮ ಗಿರಾಕಿ ಅಣ್ಣಾಜಿಯವರ ಪುಸ್ತಕ ಕೈಯಲ್ಲಿದೆ. ಗಳಗನಾಥದ ಗುಡಿಯ ಬಗ್ಗೆ ಜೀವನವಿಡೀ ಬರೆದದ್ದು. ಯುಗಾದಿಯೊಳಗೆ ಮುಗಿಯದಿದ್ದರೆ ಹುಬ್ಬಳ್ಳಿಯ ಡಿಟಿಪಿಯವರಿಗೆ ಒಯ್ಯುತ್ತಾರಂತೆ. ಅವರ ಅಕ್ಷರವೆಂದರೆ ಗಾಳಿಗೆ ಮಲಗಿದ ಜೋಳದ ಹೊಲ. ಮೂರನೇ ಇಯತ್ತೆಯ ಪಾಟಿ ತಿದ್ದುತ್ತ ಮುದುಕಿಯಾದ ನನ್ನೊಬ್ಬಳಿಗೇ ಅದನ್ನು ಓದಲು ಬರುತ್ತದೆ. ಈ ಮಾತಿನ ಕೆಳಗೆ ಗೆರೆ ಎಳೆದಿದ್ದೇನೆ.

(ವಿಶೇಷ ಸೂಚನೆ: ಈ ದಿನಚರಿಯನ್ನು ಯಾರೋ ಕದ್ದು ಓದುತ್ತಿದ್ದಾರೆ. ಪುಟ ತಿರುವಿದರೆ ಮೆಣಸಿನಕಾಯಿ ಘಾಟು ಬರುತ್ತದೆ. ಈ ಮನೆಯಲ್ಲಿ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವವನು ಒಬ್ಬನೇ. ಹೆಸರು ಹೇಳುವುದಿಲ್ಲ.)

೨೫ ಜನವರಿ, ರವಿವಾರ

ಆ ಹಾವೇರಿಯವಳು ಬಂದಿದ್ದಳು.

ಬಿಸ್ಮಿಲ್ಲಾಬಿ ಅಂತೆ. ಶ್ರದ್ಧಾಳ ಜೊತೆ ಟೈಪಿಂಗ್ ಕ್ಲಾಸಿಗೆ ಹೋದವಳು, ಈಗ ಹಾವೇರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಹೋಳು ಕೀಬೋರ್ಡು ಕಟ್ಟಿಕೊಡುವವಳು ಇವಳೇ. ಹೊಸಲಿನಲ್ಲಿ ನಿಂತೇ "ಏ ಶದ್ದೀ!" ಎಂದು ಕೂಗಿದಳು. ನಾನು ಸೊಸೆಯನ್ನು ಇಷ್ಟು ವರ್ಷ ಪೂರ್ತಿ ಹೆಸರಿನಿಂದ, ಒತ್ತಕ್ಷರ ಸಮೇತ ಕರೆದಿದ್ದೇನೆ. ಇವಳು ಚಪ್ಪಲಿ ಬಿಡುವ ಮೊದಲೇ ಅದನ್ನು ಅರ್ಧ ಮಾಡಿದಳು. ಎಲ್ಲವನ್ನೂ ಎರಡು ಹೋಳು ಮಾಡುವುದೇ ಇವಳ ಕಸುಬಿರಬೇಕು.

ಒಳಗೆ ಬಂದವಳೇ ಶ್ರದ್ಧಾಳ ಕೈ ಹಿಡಿದುಕೊಂಡಳು. "ಎಲ್ಲಿ ನೋಯ್ತೈತಿ? ಇಲ್ಲೇನ? ಹೆಬ್ಬಟ್ಟಿನ ಬುಡಕ?" ಎಂದು ಒತ್ತಿ ಒತ್ತಿ ನೋಡಿದಳು. ಆ ಕೈಯ ಪಕ್ಕ ದಿನವೂ ಕೂರುವವಳು ನಾನು. ಹಿಡಿದು ನೋಡಬೇಕೆಂದು ನನಗೆ ಹೊಳೆದಿರಲಿಲ್ಲ, ಅಷ್ಟೇ.

ಆಮೇಲೆ ಒಂದು ಡಬ್ಬಿಯಿಂದ ಮೂರು ಸಣ್ಣ ಕೀಲಿಗಳನ್ನು ತೆಗೆದಳು. ಹುಬ್ಬಳ್ಳಿಯ ಹಳೆಸಾಮಾನಿನವರ ಹತ್ತಿರ ಸಿಕ್ಕ ಹಳೆಯ ಕೀಬೋರ್ಡುಗಳಿಂದ ಕಿತ್ತದ್ದಂತೆ. ಇವಕ್ಕೆ ಸ್ವಿಚ್ಚು ಎನ್ನುತ್ತಾರೆ. ಒಂದೊಂದು ಅಕ್ಷರದ ಕೆಳಗೂ ಒಂದೊಂದು, ಒಳಗೆ ಸ್ಪ್ರಿಂಗು.

"ನೋಡ ಶದ್ದಿ, ನೀಲಿದು ಟಿಕ್ ಅಂತೈತಿ. ಈ ಕಂದು ಬಣ್ಣದ್ದು ಟಿಕ್ ಅನ್ನಂಗಿಲ್ಲ, ಬೆರಳಿಗಷ್ಟ ಸಣ್ಣ ಗಂಟು ತಾಕತೈತಿ. ಕರೀದಕ್ಕ ಗಂಟೂ ಇಲ್ಲ, ಟಿಕ್ಕೂ ಇಲ್ಲ. ಬೆಣ್ಯಾಗ ಬೆರಳ ಇಟ್ಟಂಗ. ಆದ್ರ ಒಂಚೂರು ಬಿಗಿ."

ಶ್ರದ್ಧಾ ಕಣ್ಣು ಮುಚ್ಚಿ, ಸಂತೆಯಲ್ಲಿ ಬದನೆಕಾಯಿ ಒತ್ತುವ ಹಾಗೆ ಒಂದೊಂದನ್ನೇ ಒತ್ತಿದಳು. ಮುಖದಲ್ಲಿ ಏನೋ ಮಂದಹಾಸ. ನನ್ನ ಮಂಡಕ್ಕಿ ಗಿರಮಿಟ್ಟು ತಿನ್ನುವಾಗ ಅವಳು ಎಂದೂ ಕಣ್ಣು ಮುಚ್ಚಿದ್ದಿಲ್ಲ.

"ಅಕ್ಕೋರ, ನಿಮಗ ಯಾವ್ದು ಸೇರ್ತು?" ಎಂದು ಹಾವೇರಿಯವಳು ನನ್ನನ್ನೂ ಕೇಳಿದಳು.

"ಹಳೇದು" ಎಂದೆ.

ಅವಳು ನಕ್ಕಳು. ಶ್ರದ್ಧಾಳೂ ನಕ್ಕಳು. ಇಬ್ಬರೂ ಕೂಡಿ ನಕ್ಕರು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಅವಳು ತಂದ ಕರಚಿಕಾಯಿ ಚೆನ್ನಾಗಿರಲಿಲ್ಲ. ಎರಡನೆಯದೂ ಚೆನ್ನಾಗಿರಲಿಲ್ಲ.

೧ ಫೆಬ್ರವರಿ, ರವಿವಾರ

ಹೋಳುಗಳು ಬಂದವು. ಕಟ್ಟಿಗೆಯ ಎರಡು ತಟ್ಟೆ, ಎಡಗೈಗೊಂದು ಬಲಗೈಗೊಂದು, ನಡುವೆ ಒಂದು ವೈರು. ಮೇಜಿನ ಮೇಲೆ ಅವು ಜಗಳವಾಡಿ ದೂರ ಕುಳಿತ ಗಂಡ ಹೆಂಡಿರಂತೆ ಕಾಣುತ್ತವೆ.

ಪರೀಕ್ಷೆಗೆಂದು ಮೊದಲು ಕರಿಯ ಸ್ವಿಚ್ಚು ಹಾಕಿದ್ದಾಳೆ. ಸಾಲದ್ದಕ್ಕೆ ಸೈಕಲ್ಲಿನ ವಾಲ್‌ಟ್ಯೂಬನ್ನು, ಅಂದರೆ ಗಾಳಿ ಹೊಡೆಯುವ ಬಾಯಿಯ ರಬ್ಬರು ನಳಿಗೆಯನ್ನು, ಸಣ್ಣ ಸಣ್ಣ ಉಂಗುರ ಕತ್ತರಿಸಿ ಪ್ರತಿ ಕೀಲಿಯ ಕೆಳಗೂ ತೊಡಿಸಿದ್ದಾಳೆ. ಕೀಲಿ ತಳಕ್ಕೆ ಬಡಿದಾಗಲೂ ಸದ್ದಾಗಬಾರದಂತೆ. ಹಾವೇರಿಯಿಂದ ರೈಲು ಹತ್ತಿ ಬಂದು ಒಂದು ಮನೆಯ ಸದ್ದನ್ನು ಅಡಗಿಸಿ ಹೋಗುವವರನ್ನು ನಾನು ಇದೇ ಮೊದಲು ನೋಡಿದ್ದು.

೨ ಫೆಬ್ರವರಿ, ಸೋಮವಾರ

ಇಂದು ನಡೆದದ್ದನ್ನು ಯಥಾವತ್ತಾಗಿ ಬರೆಯುತ್ತೇನೆ.

"ಗರ್ಭಗುಡಿಯ" ಎಂದು ಓದಿದೆ. ನಿಂತೆ. ಸದ್ದಿಲ್ಲ. ಅಂದರೆ ಶುರು ಮಾಡಿಲ್ಲ ಎಂದುಕೊಂಡೆ. ಕೈ ನೋಯುತ್ತಿರಬಹುದು, ಅವಸರ ಮಾಡಬಾರದು ಎಂದು ದೊಡ್ಡ ಮನಸ್ಸು ಮಾಡಿ ಹಾಳೆಯ ಮೇಲೆಯೇ ಕಣ್ಣಿಟ್ಟು ಕಾದೆ. ಅತ್ತ ಶ್ರದ್ಧಾ ಆ ಪದವನ್ನು ಯಾವಾಗಲೋ ಬಡಿದು ಮುಗಿಸಿ ಮುಂದಿನದಕ್ಕೆ ಕಾಯುತ್ತಿದ್ದಳು. ಅತ್ಯಾರಿಗೆ ನಿದ್ದೆ ಹತ್ತಿರಬೇಕು, ಎಬ್ಬಿಸಬಾರದು ಎಂದು ಅವಳ ದೊಡ್ಡ ಮನಸ್ಸು. ಇಬ್ಬರ ದೊಡ್ಡ ಮನಸ್ಸಿನ ನಡುವೆ ಗರ್ಭಗುಡಿ ಹಾಗೇ ನಿಂತಿತ್ತು. ಕೊನೆಗೆ ಇಂದು ರಜೆಯೆಂದು ಮನೆಯಲ್ಲಿದ್ದ ವಿಕ್ರಮ ಊಟಕ್ಕೆ ಕರೆಯಲು ಬಂದು ಬಾಗಿಲಲ್ಲಿ ನಿಂತು ಕೇಳಿದ: "ಯಾಕವ್ವಾ, ಇಬ್ಬರೂ ಮೌನ ವ್ರತ ಹಿಡದೀರೇನು?"

"ನಾ ಬಡದು ಎಷ್ಟೊತ್ತಾತು!" ಎಂದಳು ಶ್ರದ್ಧಾ.

"ಮತ್ತ ಹೇಳಬಾರದ?"

"ಎಂದರ ಹೇಳೀನೇನ್ರಿ ಅತ್ಯಾರ?"

ಅದೂ ನಿಜ. ಎಂದೂ ಹೇಳಿಲ್ಲ. ಮಧ್ಯಾಹ್ನದ ಮೇಲೆ "ಹೂಂ" ಎಂದು ಹೇಳುವ ಪದ್ಧತಿ ಜಾರಿಗೆ ತಂದೆವು. ಪದ, ಹೂಂ, ಪದ, ಹೂಂ. ಕತೆ ಕೇಳುವ ಕೂಸಿನ ಹಾಗೆ. ಸಂಜೆಗೆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಸಿಟ್ಟು ಬಂದಿತ್ತು.

೫ ಫೆಬ್ರವರಿ, ಗುರುವಾರ

ಕರಿಯ ಸ್ವಿಚ್ಚು ಬಿಗಿ. ಶ್ರದ್ಧಾಳ ಹೆಬ್ಬೆರಳ ಬುಡ ಊದಿದೆ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು.

ನನಗೆ ಸಂತೋಷವಾಗಬೇಕಿತ್ತು. ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಅದು ಬೇರೆ ವಿಷಯ.

೮ ಫೆಬ್ರವರಿ, ರವಿವಾರ

ಬಿಸ್ಮಿಲ್ಲಾಬಿ ಬಂದು ಕರಿಯದನ್ನೆಲ್ಲ ಕಿತ್ತು ನೀಲಿ ಹಾಕಿದಳು. ಬೆಸುಗೆಯ ಹೊಗೆ ಪಡಸಾಲೆ ತುಂಬ. ನಾನು ಈ ಸಲ ಗಿರಮಿಟ್ಟಿಗೆ ಕೊಬ್ಬರಿ, ಹುರಿಗಡಲೆ ಪುಡಿ, ಎಲ್ಲ ಧಾರಾಳವಾಗಿ ಹಾಕಿದ್ದೆ. ಅತಿಥಿ ಸತ್ಕಾರಕ್ಕೆ. ಅವಳೂ ಮತ್ತೆ ಕರಚಿಕಾಯಿ ತಂದಿದ್ದಳು. ಶ್ರದ್ಧಾ ಯಾರದನ್ನು ಎಷ್ಟು ತಿಂದಳೆಂದು ನಾನು ನೋಡಲಿಲ್ಲ. ನನ್ನದನ್ನು ಜಾಸ್ತಿ ತಿಂದಳು.

"ಅಕ್ಕೋರ, ಗಿರಮಿಟ್ ಭಾಳ ಛಲೋ ಆಗೇತ್ರಿ. ನಮ್ಮ ಮನಿಯಾವ್ರಿಗೆ ಒಂಚೂರು ಕಟ್ಟಿಕೊಡ್ರಿ" ಎಂದಳು ಬಿಸ್ಮಿಲ್ಲಾಬಿ. ಇದು ಹೊಗಳಿಕೆಯೋ ತಂತ್ರವೋ ತಿಳಿಯಲಿಲ್ಲ. ಕಟ್ಟಿಕೊಟ್ಟೆ.

೧೧ ಫೆಬ್ರವರಿ, ಬುಧವಾರ

ನೀಲಿ ಸ್ವಿಚ್ಚು ಅಮೋಘ. ಪ್ರತಿ ಕೀಲಿಯೂ ಟಿಕ್, ಪ್ರತಿ ಅಕ್ಷರಕ್ಕೂ ಟಿಕ್ ಟಿಕ್. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. "ಬ್ಯಾಡಗಿ ಯಾರ್ಡಿನ ಹರಾಜಿನ್ಯಾಗೂ ಇಷ್ಟು ಗದ್ದಲಿಲ್ಲ" ಎಂದ ವಿಕ್ರಮ. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಗಿರಾಕಿಗಳು ನನ್ನ ದನಿ ಕೇಳುತ್ತಿಲ್ಲ ಎನ್ನುತ್ತಾರೆ. ಸದ್ದು ಯಾವಾಗ ನಿಂತಿತು, ಯಾವಾಗ ಮತ್ತೆ ಶುರುವಾಯಿತು ಎಂಬುದು ನನಗೂ ತುಸು ಗೊಂದಲ.

ತಲೆನೋವು ಮಾತ್ರ ಇಲ್ಲವೇ ಇಲ್ಲ. ಹಣೆಗೆ ಅಮೃತಾಂಜನ ಹಚ್ಚಿಕೊಂಡದ್ದು ಥಂಡಿಗೆ.

೧೭ ಫೆಬ್ರವರಿ, ಮಂಗಳವಾರ

ನಾದಿನಿಯ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಬ್ಯಾಡಗಿಗೆ ಹೋಗಿ, ಅವರ ಒತ್ತಾಯಕ್ಕೆ ಉಳಿದು, ಇವತ್ತು ಮಧ್ಯಾಹ್ನ ಬಂದೆ. ಸ್ಟೇಷನ್ನಿನಿಂದಲೇ ಸೀನು. ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಆ ಊರಿನ ಗಾಳಿಯನ್ನು ಒಗ್ಗರಣೆಗೆ ಹಾಕಬಹುದು.

ಬಾಗಿಲ ಹತ್ತಿರ ಬಂದಾಗ ಒಳಗೆ ಟಿಕ್ ಟಿಕ್ ಕೇಳಿಸುತ್ತಿತ್ತು. ನಾನು ಮನೆಯಲ್ಲಿಲ್ಲ, ಟಿಕ್ ಟಿಕ್ ಇದೆ. ಚಪ್ಪಲಿ ಬಿಡುವುದನ್ನು ಮರೆತು ಹಾಗೇ ನಿಂತೆ.

ಎರಡು ಹೋಳುಗಳ ನಡುವಿನ ಖಾಲಿ ಜಾಗದಲ್ಲಿ ಅಣ್ಣಾಜಿಯವರ ಹಾಳೆ ಇತ್ತು. ಸರಿಯಾಗಿ ಒಂದು ಹಾಳೆಯಷ್ಟೇ ಅಗಲದ ಜಾಗ. ಹಿಂದೆ ಒಂದು ಪುಸ್ತಕ ಆನಿಸಿ ಹಾಳೆಯನ್ನು ನಿಲ್ಲಿಸಿದ್ದಳು. ಕಣ್ಣು ಹಾಳೆಯ ಮೇಲೆ, ಪರದೆಯ ಮೇಲೆ, ಮತ್ತೆ ಹಾಳೆಯ ಮೇಲೆ. ಗಾಳಿಗೆ ಮಲಗಿದ ಆ ಜೋಳದ ಹೊಲವನ್ನು ಅವಳೊಬ್ಬಳೇ ಓದಿಕೊಂಡು, ಬಡಿದುಕೊಂಡು ಹೋಗುತ್ತಿದ್ದಳು.

"ಬಂದ್ರೇನ್ರಿ ಅತ್ಯಾರ? ನೋಡ್ರಿ, ಅಧ್ಯಾಯ ಮುಗೀಲಿಕ್ಕೆ ಬಂತು" ಎಂದಳು ಖುಷಿಯಿಂದ.

"ಛಲೋ ಆತು" ಎಂದೆ.

ಈಗ ತಿಳಿಯಿತು ಹೋಳು ಮಾಡಿದ್ದೇಕೆ ಎಂದು. ಮಣಿಕಟ್ಟಂತೆ, ಭುಜದ ನೇರವಂತೆ! ನನ್ನ ಕುರ್ಚಿಯನ್ನು ಎತ್ತಿ ಆ ಸಂದಿಯಲ್ಲಿ ಒಂದು ಹಾಳೆ ಇಟ್ಟಿದ್ದಾರೆ. ಹಾಳೆಗೆ ಚಹಾ ಬೇಡ, ಸೀನು ಇಲ್ಲ, ತೊಟ್ಟಿಲ ಕಾರ್ಯಕ್ಕೆ ಹೋಗುವುದಿಲ್ಲ. ಹತ್ತೊಂಬತ್ತನೇ ಜನವರಿಯ ಪುಟದಲ್ಲಿ ನಾನು ಎಳೆದ ಗೆರೆಯನ್ನು ಅಳಿಸಲು ನೋಡಿದೆ. ಮಸಿ, ಅಳಿಯಲಿಲ್ಲ.

೧೮ ಫೆಬ್ರವರಿ, ಬುಧವಾರ

ಗಂಟಲು ಸರಿಯಿಲ್ಲ ಎಂದು ಹೇಳಿ ಓದಲು ಕೂರಲಿಲ್ಲ. ಅವಳು "ಖರೇನ?" ಎಂದು ಒಂದು ಸಲ ಕೇಳಿದಳು. ಎರಡು ಸಲ ಕೇಳಬಹುದಿತ್ತು.

೧೯ ಫೆಬ್ರವರಿ, ಗುರುವಾರ

ಗಂಟಲು.

೨೧ ಫೆಬ್ರವರಿ, ಶನಿವಾರ

ಗಂಟಲು ಸರಿಯಿಲ್ಲದವಳು ರೈಲು ಹತ್ತಬಾರದು ಎಂದು ಎಲ್ಲೂ ಬರೆದಿಲ್ಲ. ಶ್ರದ್ಧಾಳಿಗೆ ಗುಡಿಗೆ ಹೋಗುತ್ತೇನೆಂದು ಹೇಳಿ ಹಾವೇರಿಗೆ ಹೋದೆ. ಹಾವೇರಿಯಲ್ಲೂ ಗುಡಿಗಳಿವೆ. ಕೈಯಲ್ಲಿ ಒಂದು ಡಬ್ಬಿ ಗಿರಮಿಟ್ಟು, ಮನಸ್ಸಿನಲ್ಲಿ ಒಂದು ಬೇಡಿಕೆ.

ಬಿಸ್ಮಿಲ್ಲಾಬಿಯ ಅಂಗಡಿ ಏಲಕ್ಕಿ ಹಾರ ಮಾಡುವವರ ಓಣಿಯಲ್ಲಿದೆ. ಮೂಗಿಗೆ ಒಂದು ಕಡೆ ಏಲಕ್ಕಿ, ಇನ್ನೊಂದು ಕಡೆ ಬೆಸುಗೆ. ನನ್ನನ್ನು ನೋಡಿ ಸ್ಟೂಲು ಒರೆಸಿ, "ಕುಂದರ್ರಿ ಅಕ್ಕೋರ, ಒಬ್ಬರ ಬಂದೀರಲ್ಲ" ಎಂದಳು.

ನಾನು ಪೀಠಿಕೆ ಹಾಕಲಿಲ್ಲ. "ನೋಡವ್ವಾ, ಆ ಎರಡು ಹೋಳು ಕೂಡಿಸಿಬಿಡು. ಇಲ್ಲಾಂದ್ರ ನಡುವಿನ ಜಾಗಾ ಸಣ್ಣದರ ಮಾಡು. ಅಂಗೈಯಷ್ಟ ಸಾಕು."

"ಕೂಡಿಸಿದ್ರ ಶದ್ದಿ ಕೈ ಮತ್ತ ತಿರುಚ್ಕೋತೈತ್ರಿ. ಆಕಿ ಬಡಿಯೋದ ಬಿಡಬೇಕಾಕ್ಕೈತಿ."

ಊದಿದ ಹೆಬ್ಬೆರಳು, ಎರಡೂ ಕೈಯಲ್ಲಿ ಹಿಡಿದ ಲೋಟ ಕಣ್ಣ ಮುಂದೆ ಬಂದವು. "ಹಂಗಿದ್ರ ಬ್ಯಾಡ ಬಿಡು" ಎಂದೆ. ಟಿಕೆಟ್ಟಿನ ದುಡ್ಡು ದಂಡ.

ಅವಳು ಗಿರಮಿಟ್ಟಿನ ಡಬ್ಬಿ ಬದಿಗಿಟ್ಟು, ಒಂದು ಹಿಡಿ ನೀಲಿ ಸ್ವಿಚ್ಚುಗಳನ್ನು ಮೇಜಿನ ಮೇಲೆ ಸುರಿದಳು. "ಬಂದೀರಂದ ಮ್ಯಾಲ ಒಂದು ಉಪಕಾರ ಮಾಡ್ರಿ. ಎಲ್ಲಾ ನೀಲೀವ ಇದ್ರೂ ಒಂದರ ಟಿಕ್ಕು ಇನ್ನೊಂದಕ್ಕಿಲ್ಲ. ನೀವು ಈ ಪೇಪರ್ ಓದ್ರಿ, ಮನ್ಯಾಗ ಓದಿದಂಗ, ಪದ ಪದ ಬಿಟ್ಟು. ನಾ ಒಂದೊಂದ ಒತ್ತತೇನಿ. ಯಾವುದು ನಿಮ್ಮ ಕಿವಿಗೆ ಛಲೋ ಮುಟ್ಟತೈತಿ, ಹೇಳ್ರಿ."

ಪೇಪರಿನಲ್ಲಿ ಕುಮದ್ವತಿ ಹೊಳೆಯ ಸೇತುವೆಯ ಸುದ್ದಿಯಿತ್ತು. ಓದಿದೆ. ಒಂದು ಸ್ವಿಚ್ಚು ಮುದುಕ ಕೆಮ್ಮಿದ ಹಾಗೆ. ಇನ್ನೊಂದು ವಿಪರೀತ ಚೂಟಿ, ಮುಂದಿನ ಬೆಂಚಿನ ಹುಡುಗಿಯ ಹಾಗೆ ಕೇಳುವ ಮೊದಲೇ ಉತ್ತರ. ಬಹಳ ಹೊತ್ತಿನ ಮೇಲೆ ಒಂದು ಬಂತು. ಟಿಕ್. ಸೌಟು ಪಾತ್ರೆಯ ಅಂಚಿಗೆ ಒಮ್ಮೆ ತಾಕಿದಷ್ಟು. "ಇದು" ಎಂದೆ.

"ಯಾಕ್ರಿ?"

"ಕರೀತದ, ಒದರಂಗಿಲ್ಲ."

ಅವಳು ಅದನ್ನು ಹತ್ತಿಯಲ್ಲಿ ಸುತ್ತಿ ಬೇರೆ ಇಟ್ಟಳು. ಯಾಕೆ ಎಂದು ನಾನು ಕೇಳಲಿಲ್ಲ. ಇನ್ನೂ ಅಷ್ಟು ಸಲಿಗೆ ಬೆಳೆದಿಲ್ಲ. ಬರುವಾಗ ಶ್ರದ್ಧಾಳಿಗೆ ಕೊಡಲು ಕರಚಿಕಾಯಿ ಕಟ್ಟಿಕೊಟ್ಟಳು. ಗುಡಿಗೆ ಹೋದವಳು ಕರಚಿಕಾಯಿ ತರುವುದು ಹೇಗೆ? ರೈಲಿನಲ್ಲಿ ನಾನೇ ತಿಂದೆ. ಚೆನ್ನಾಗಿದ್ದವು.

೧ ಮಾರ್ಚ್, ರವಿವಾರ

ಬಿಸ್ಮಿಲ್ಲಾ ಬೆಳಗಿನ ರೈಲಿಗೇ ಬಂದಳು. ಇನ್ನೊಂದು ಜೋಡಿ ಹೋಳುಗಳನ್ನು ತನ್ನ ಮನೆಯಲ್ಲೇ ಬೆಸುಗೆ ಮುಗಿಸಿ ತಂದಿದ್ದಳು. ಈ ಸಲ ಅಕ್ಷರಗಳಿಗೆಲ್ಲ ಕಂದು ಸ್ವಿಚ್ಚು, ಬೆರಳಿಗೆ ಸಣ್ಣ ಗಂಟು, ಕೆಳಗೆ ವಾಲ್‌ಟ್ಯೂಬಿನ ಉಂಗುರ, ಸದ್ದಿಲ್ಲ. ನಾನು ಮತ್ತೆ "ಹೂಂ" ಪದ್ಧತಿಗೆ, ಅಥವಾ ಕಾಯಂ ಗಂಟಲು ನೋವಿಗೆ ಸಿದ್ಧಳಾಗಿ ಅಡುಗೆ ಮನೆಯತ್ತ ತಿರುಗಿದೆ.

"ಎಲ್ಲಿ ಹೊಂಟ್ರಿ?" ಶ್ರದ್ಧಾ ಕರೆದಳು. "ಹಾಳಿ ತಗೊಳ್ರಿ. ಓದ್ರಿ."

"ನಡುವ ಹಾಳಿ ಇಟ್ಟು ನೀನ ಓದಿಕೋತಿ ಅಲ್ಲ?"

"ಓದಿಕೊಂಡಿದ್ದು ಸಾಕಾತು. ಮ್ಯಾಲ ಕೆಳಗ ನೋಡಿ ನೋಡಿ ಕುತ್ತಿಗಿ ಹಿಡಕೊಂಡದ. ಮಣಿಕಟ್ಟು ಉಳಿಸಿ ಕುತ್ತಿಗಿ ಕಳಕೊಳ್ಳಲೇನು? ಮ್ಯಾಲ ಅಣ್ಣಾಜಿಯವರು ಬರೆದ ತಪ್ಪೆಲ್ಲಾ ಹಂಗ ಬಡದೀನಿ. ನೀವು ಓದಿದ್ರ ತಪ್ಪು ಬಂದಲ್ಲಿ ನಿಮ್ಮ ದನಿ ಮೂಗಿಗೆ ಏರ್ತದ. ನನಗ ಗೊತ್ತಾಗ್ತದ."

ನನ್ನ ದನಿ ಮೂಗಿಗೆ ಏರುವುದಿಲ್ಲ. ಅದಿರಲಿ. ಕುಳಿತೆ. ಹಾಳೆ ಹಿಡಿದೆ. "ಗಳಗನಾಥದಲ್ಲಿ" ಎಂದು ಓದಿ ನಿಂತೆ. ಅವಳ ಬೆರಳುಗಳು ಸದ್ದಿಲ್ಲದೆ ಓಡಿದವು. ಆಮೇಲೆ, ಪದ ಮುಗಿದಲ್ಲಿ, ಬಲಗೈ ಹೆಬ್ಬೆರಳು ಸ್ಪೇಸ್ ಕೀಲಿಯ ಮೇಲೆ ಇಳಿಯಿತು.

ಟಿಕ್.

ಸೌಟು ಪಾತ್ರೆಯ ಅಂಚಿಗೆ ಒಮ್ಮೆ ತಾಕಿದಷ್ಟು. ನಾನು ಬಿಸ್ಮಿಲ್ಲಾಳ ಕಡೆ ನೋಡಿದೆ. ಅವಳು ಗಿರಮಿಟ್ಟಿನ ತಟ್ಟೆಯ ಕಡೆ ನೋಡುತ್ತಿದ್ದಳು.

"ಅಕ್ಷರಕ್ಕೆಲ್ಲಾ ಕಂದು, ಸ್ಪೇಸಿಗೆ ಒಂದ ನೀಲಿ ಹಾಕು ಅಂತ ಶದ್ದಿ ಅವತ್ತ ಹೇಳಿದ್ಲ್ರಿ ಅಕ್ಕೋರ" ಎಂದಳು. "ನೀವು ಬ್ಯಾಡಗಿಗೆ ಹೋದಾಗ, ಫೋನ್‌ನ್ಯಾಗ. ಯಾವ ನೀಲಿ ಅನ್ನೋದು ಮಾತ್ರ ನನಗ ತಿಳದಿದ್ದಿಲ್ಲ."

"ಮತ್ತ ನನಗ ಒಂದು ಮಾತು ಹೇಳಬಾರದ?" ಎಂದು ಸೊಸೆಯನ್ನು ಕೇಳಿದೆ.

"ಎಂದರ ಹೇಳೀನೇನ್ರಿ ಅತ್ಯಾರ?" ಎಂದಳು ಶ್ರದ್ಧಾ, ಪರದೆಯಿಂದ ಕಣ್ಣು ತೆಗೆಯದೆ. "ಮುಂದ ಓದ್ರಿ. ಯುಗಾದಿ ಬಂತು."

"ವರದೆಯು." ಟಿಕ್. "ತುಂಗಭದ್ರೆಯನ್ನು." ಟಿಕ್. "ಕೂಡುತ್ತಾಳೆ."

ಸಂಜೆವರೆಗೆ ಓದಿದೆ. ಗಂಟಲಿಗೆ ಏನೂ ಆಗಿರಲಿಲ್ಲ. ವಿಕ್ರಮ ಬಂದು, ರೀಚಾರ್ಜ್ ಅಂಗಡಿಯವರು ಮತ್ತೆ ಕೇಳುತ್ತಿದ್ದಾರೆ ಎಂದ. ಬೇರೆ ಪಡಸಾಲೆ ನೋಡಿಕೊಳ್ಳಲು ಹೇಳು ಎಂದು ಮೂವರೂ ಒಟ್ಟಿಗೆ ಹೇಳಿದೆವು. ಹೋಳುಗಳ ನಡುವಿನ ಜಾಗದಲ್ಲಿ ಈಗ ನನ್ನ ಕನ್ನಡಕದ ಡಬ್ಬಿ ಇದೆ. ಯಾರು ಇಟ್ಟರೋ ನೋಡಿಲ್ಲ.

೪ ಮಾರ್ಚ್, ಬುಧವಾರ

ಈ ದಿನಚರಿಯನ್ನು ಕದ್ದು ಓದುವವರ ಗಮನಕ್ಕೆ. ಹೇಗೂ ಇಲ್ಲಿಯವರೆಗೆ ಓದಿದ್ದೀರಿ. ಅಕ್ಷರದ ಕೀಲಿಗಳ ಒಂದೆರಡು ಉಂಗುರ ಆಗಲೇ ಹರಿದು ಸದ್ದು ಮಾಡುತ್ತಿವೆ. ನಾಳೆ ಬ್ಯಾಡಗಿಯಿಂದ ಬರುವಾಗ ಸೈಕಲ್ ಅಂಗಡಿಯಲ್ಲಿ ಗೇಣುದ್ದ ವಾಲ್‌ಟ್ಯೂಬ್ ತನ್ನಿ. ಕತ್ತರಿಸಿ ತೊಡಿಸುವುದನ್ನು ನಾನು ನಮ್ಮ ಬಿಸ್ಮಿಲ್ಲಾಳಿಂದ ಕಲಿತಿದ್ದೇನೆ. ನೀವೇ ಹಾಕಲು ಹೋಗಬೇಡಿ. ಹೋದರೂ ಸ್ಪೇಸ್ ಕೀಲಿಯನ್ನು ಮಾತ್ರ ಮುಟ್ಟಬೇಡಿ.